ಪ್ರಾರ್ಥನೆಯಲ್ಲಿ ಎಲ್ಲಿ ತಪ್ಪಿದೆವು?

ಕಳೆದ ಮಳೆಗಾಲದ ಒಂದು ಸಂಜೆ, ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ, ನಡುವಯಸ್ಸಿನ ದಂಪತಿ ಒಳಗೆ ಬಂದರು. ಕೊಡೆಯನ್ನು ಮೂಲೆಗೆ ಒರಗಿಸಿದ ತಂದೆ ಕುಳಿತುಕೊಳ್ಳಲಿಲ್ಲ. ಮಗನ ಮೇಲೆ ಪೊಲೀಸರು ಕೇಸು ಹಾಕುತ್ತಾರೆಯೇ ಎಂದು ನಿಂತಲ್ಲಿಂದಲೇ ಕೇಳಿದರು. ಮಗ ಹತ್ತನೆಯ ತರಗತಿಯವರೆಗೆ ನಮ್ಮ ಗಡಿನಾಡಿನ ಕನ್ನಡ ಶಾಲೆಯಲ್ಲಿ ಚೆನ್ನಾಗಿಯೇ ಓದಿದವನು. ಬಳಿಕ ಪಾಠದ ಭಾಷೆಯೂ ಗೆಳೆಯರ ಭಾಷೆಯೂ ಬೇರೆಯಾದ ಕಡೆ ಸೇರಿ, ಎರಡು ವರ್ಷ ಯಾರಿಗೂ ಹೇಳದೆ ಒಳಗೊಳಗೇ ಕುಸಿದಿದ್ದ. ಪರೀಕ್ಷೆಗೆ ಮೊದಲಿನ ಒಂದು ರಾತ್ರಿ ತನ್ನ ಜೀವವನ್ನೇ ಮುಗಿಸಿಕೊಳ್ಳಲು ಹೊರಟಿದ್ದ. ನೆರೆಮನೆಯವರ ಎಚ್ಚರದಿಂದ ಉಳಿದುಕೊಂಡ. ಆಸ್ಪತ್ರೆಯಿಂದ ಮನೆಗೆ ಬಂದು ನಾಲ್ಕು ದಿನವಾಗಿತ್ತು. ಗುರುತು ಸಿಗುವ ವಿವರಗಳನ್ನು ಬಿಟ್ಟು ಇದನ್ನು ಬರೆಯಲು ಆ ಮನೆಯವರು ಒಪ್ಪಿದ್ದಾರೆ.

ತಂದೆಯ ಪ್ರಶ್ನೆಗೆ ಉತ್ತರ ಸುಲಭವಿತ್ತು. ಹಳೆಯ ಭಾರತೀಯ ದಂಡ ಸಂಹಿತೆಯ 309ನೆಯ ಕಲಮಿನಂತೆ ಆತ್ಮಹತ್ಯೆಗೆ ಯತ್ನಿಸುವುದೇ ಅಪರಾಧವಾಗಿತ್ತು. ನೋವಿನಲ್ಲಿ ಬಿದ್ದವನಿಗೆ ಮೇಲಿಂದ ಒಂದು ಶಿಕ್ಷೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೆಯ ಕಲಂ ಆ ನೋಟವನ್ನು ಬದಲಾಯಿಸಿತು. ಅಂಥವನು ತೀವ್ರ ಒತ್ತಡದಲ್ಲಿದ್ದನೆಂದೇ, ಬೇರೆ ರೀತಿಯಲ್ಲಿ ಸಾಬೀತಾಗುವವರೆಗೆ, ಭಾವಿಸತಕ್ಕದ್ದು, ಅವನನ್ನು ಶಿಕ್ಷಿಸಕೂಡದು, ಅವನಿಗೆ ಆರೈಕೆ ಮತ್ತು ಚಿಕಿತ್ಸೆ ಒದಗಿಸುವುದು ಸರಕಾರದ ಕರ್ತವ್ಯ ಎಂದು ಅದು ಹೇಳುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲವೇ ಇಲ್ಲ; ಸರಕಾರಿ ನೌಕರನನ್ನು ಕರ್ತವ್ಯದಿಂದ ತಡೆಯಲು ಅಥವಾ ಬಲವಂತಪಡಿಸಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಆ ತಂದೆ ಕುರ್ಚಿಯಲ್ಲಿ ಕುಳಿತರು.

ತಾಯಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ವಕೀಲರೇ, ನಮ್ಮ ಮನೆಯಲ್ಲಿ ಒಂದು ದಿನವೂ ಜಪಸರ ತಪ್ಪಿದ್ದಿಲ್ಲ. ಆದರೂ ಹೀಗಾಯಿತಲ್ಲ. ಪ್ರಾರ್ಥನೆಯಲ್ಲಿ ನಾವು ಎಲ್ಲಿ ತಪ್ಪಿದೆವು?”

ನಾನೂ ಅದೇ ವಿಶ್ವಾಸದವನು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ನ್ಯಾಯಾಲಯದ ಮೆಟ್ಟಿಲಲ್ಲಿ ಮಲಯಾಳ. ಸಂಜೆ ಏಳಕ್ಕೆ ‘ತೆರ್ಸ್’ ಮುಗಿಯದೆ ಊಟವಿಲ್ಲದ ಮನೆಯಲ್ಲಿ ಬೆಳೆದವನು. ಆದರೂ ಅಂದು ಆ ತಾಯಿಗೆ ನಾನು ಕೊಟ್ಟ ಉತ್ತರ ಹಗುರವಾದದ್ದು. “ಹಾಗೇನೂ ಇಲ್ಲ ಅಮ್ಮಾ, ಎಲ್ಲ ಸರಿಯಾಗುತ್ತದೆ” ಎಂದುಬಿಟ್ಟೆ. ಅವರು ತಲೆಯಾಡಿಸಿ ಮಳೆಗೆ ಇಳಿದರು. ಆ ಉತ್ತರ ಸಾಲದೆಂದು ಇಬ್ಬರಿಗೂ ಗೊತ್ತಿತ್ತು. ಈ ಬರಹ ಆ ಸಂಜೆಯ ಬಾಕಿ.

ಆ ರಾತ್ರಿ ನನಗೆ ನೆನಪಾದವನು ನನ್ನದೇ ವೃತ್ತಿಗೆ ತರಬೇತಾದ ಒಬ್ಬ ಮನುಷ್ಯ, ಇಂಗ್ಲೆಂಡಿನ ಕವಿ ವಿಲಿಯಂ ಕೂಪರ್. ಹಳೆಯ ಇಂಗ್ಲಿಷ್ ಪಾಠಪುಸ್ತಕಗಳನ್ನು ಓದಿದ ಹಿರಿಯರಿಗೆ ಅವನ ಜಾನ್ ಗಿಲ್ಪಿನ್ ಎಂಬ ನಗೆಯ ಕಥನಕವನ ನೆನಪಿದ್ದೀತು. (ಬರೆದ ಅಕ್ಷರ ನೋಡಿ ‘ಕೌಪರ್’ ಎಂದು ಓದುತ್ತಿದ್ದ ನನ್ನನ್ನು ತಿದ್ದಿದವರು ಕಾಲೇಜಿನ ಒಬ್ಬ ಮೇಷ್ಟ್ರು.) ಊರಿಗೂರೇ ನಕ್ಕ ಆ ಕವನವನ್ನು ಬರೆದವನು ಬಾಳಿನುದ್ದಕ್ಕೂ ಮನಸ್ಸಿನ ಕತ್ತಲೆಯೊಡನೆ ಹೋರಾಡಿದವನು.

1731ರಲ್ಲಿ ಹುಟ್ಟಿದ ಕೂಪರ್ ಪಾದ್ರಿಯ ಮಗ. ಆರು ತುಂಬುವ ಹೊತ್ತಿಗೆ ತಾಯಿ ತೀರಿಹೋದಳು. ಲಂಡನ್ನಿನಲ್ಲಿ ಕಾನೂನು ಓದಿ 1754ರಲ್ಲಿ ವಕೀಲನಾದ. ಇಪ್ಪತ್ತರ ಆಚೀಚೆಯಲ್ಲೇ ಮೊದಲ ಬಾರಿ ಖಿನ್ನತೆ ಅವನನ್ನು ಹಿಡಿಯಿತು. ಆಗ ತಾನೇ ಕೆಲವು ಪ್ರಾರ್ಥನೆಗಳನ್ನು ಬರೆದುಕೊಂಡು ದಿನವೂ ಹೇಳುತ್ತಿದ್ದನಂತೆ. ಸೌತಾಂಪ್ಟನ್ನಿನ ಕಡಲ ಬಳಿ ಕೆಲವು ತಿಂಗಳಿದ್ದಾಗ ಮನಸ್ಸು ತಾನಾಗಿ ತಿಳಿಯಾಯಿತು. ಊರಿಗೆ ಮರಳಿದವನೇ ಆ ಪ್ರಾರ್ಥನೆಗಳನ್ನು ಸುಟ್ಟುಹಾಕಿದ. ಇದನ್ನು ಮುಂದೆ ತಾನೇ ನಾಚಿಕೆಯಿಂದ ಬರೆದಿಟ್ಟಿದ್ದಾನೆ. ನಾವು ಅವನನ್ನು ನೋಡಿ ನಗಬೇಕಾಗಿಲ್ಲ. ಫಲಿತಾಂಶ ಬರುವವರೆಗೆ ಹರಕೆ, ಬಂದ ಮೇಲೆ ಮರೆವು ನಮ್ಮಲ್ಲೂ ಇಲ್ಲವೇ?

1763ರಲ್ಲಿ ನೆಂಟನೊಬ್ಬನ ಪ್ರಭಾವದಿಂದ ಹೌಸ್ ಆಫ್ ಲಾರ್ಡ್ಸಿನಲ್ಲಿ ಅವನಿಗೊಂದು ಒಳ್ಳೆಯ ಗುಮಾಸ್ತಿಕೆ ಸಿಗುವುದರಲ್ಲಿತ್ತು. ನೇಮಕಕ್ಕೆ ಆಕ್ಷೇಪವೆದ್ದಿತು. ಸಭೆಯ ಮುಂದೆ ನಿಂತು ಪರೀಕ್ಷೆ ಕೊಡಬೇಕೆಂದಾಯಿತು. ತಿಂಗಳುಗಟ್ಟಲೆ ಆ ಕಚೇರಿಗೆ ಹೋಗಿ ದಾಖಲೆಗಳನ್ನು ಬಿಚ್ಚಿ ಕುಳಿತರೂ ಓದಿದ್ದು ಒಂದಕ್ಷರವೂ ತಲೆಗೆ ಹೋಗಲಿಲ್ಲ. ಪುಸ್ತಕ ತೆರೆದಿರುತ್ತದೆ, ಕಣ್ಣು ಸಾಲಿನ ಮೇಲೆ ಓಡುತ್ತದೆ, ಒಳಗೆ ಏನೂ ಇಳಿಯುವುದಿಲ್ಲ: ಈ ಸ್ಥಿತಿಯನ್ನು ಪರೀಕ್ಷೆಯ ಹೆದರಿಕೆಯಲ್ಲಿರುವ ಯಾವ ಮಗುವೂ ಗುರುತಿಸೀತು. ಹೊರಗಿನವರಿಗೆ ಅವನು ಶ್ರದ್ಧೆಯಿಂದ ಓದುತ್ತಿರುವಂತೆಯೇ ಕಂಡಿರಬೇಕು. ಪರೀಕ್ಷೆಯ ದಿನ ಹತ್ತಿರವಾದಂತೆ ಅವನು ಮತ್ತೆ ಮತ್ತೆ ಸಾವಿನ ಅಂಚಿಗೆ ಹೋಗಿಬಂದ. ಆ ದೇಶದಲ್ಲಿ ಆಗ ಅದು ಅಪರಾಧ. 1961ರವರೆಗೂ ಹಾಗೆಯೇ ಇತ್ತು. ಕಾನೂನು ಓದಿದವನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಕಾನೂನಿನ ಭಯವಾಗಲಿ ಪಾಪದ ಭಯವಾಗಲಿ ಅಂಥ ಘಳಿಗೆಯಲ್ಲಿ ಮನುಷ್ಯನನ್ನು ಹಿಡಿದು ನಿಲ್ಲಿಸಲಾರವು ಎಂಬುದಕ್ಕೆ ಅವನೇ ಸಾಕ್ಷಿ.

ಮನೆಯವರು ಅವನನ್ನು ಸೇಂಟ್ ಆಲ್ಬನ್ಸ್ ಎಂಬ ಊರಿಗೆ, ನಥಾನಿಯಲ್ ಕಾಟನ್ ಎಂಬ ವೈದ್ಯನ ಆಶ್ರಯಕ್ಕೆ ಕಳುಹಿಸಿದರು. ಮನೋರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕಿ ಜನರಿಗೆ ಪ್ರದರ್ಶನಕ್ಕಿಡುತ್ತಿದ್ದ ಕಾಲದಲ್ಲಿ ಈ ವೈದ್ಯ ರೋಗಿಗಳನ್ನು ಮನುಷ್ಯರಂತೆ ನಡೆಸಿಕೊಂಡ. ಅವನು ದೈವಭಕ್ತ, ಕವಿಯೂ ಹೌದು. ಅಲ್ಲಿ ತಿಂಗಳುಗಳು ಕಳೆದ ಮೇಲೆ, 1764ರ ಬೇಸಿಗೆಯಲ್ಲಿ, ಕೂಪರನಿಗೆ ತೋಟದ ಬೆಂಚಿನ ಮೇಲೆ ಒಂದು ಬೈಬಲ್ ಕಂಡಿತು. ತೆರೆದಾಗ ಸಿಕ್ಕಿದ್ದು ಯೊವಾನ್ನನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯ, ಸತ್ತ ಲಾಜರನನ್ನು ಯೇಸು ಸಮಾಧಿಯಿಂದ ಕರೆಯುವ ಪ್ರಸಂಗ. ಮತ್ತೊಂದು ದಿನ ಕಿಟಕಿಯ ಬಳಿ ಕುಳಿತು ರೋಮನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನು ಓದುತ್ತಿದ್ದಾಗ, ತನಗೂ ಕ್ಷಮೆಯುಂಟು ಎಂಬ ಭಾವ ಒಮ್ಮೆಲೇ ಒಳಗೆ ತುಂಬಿಕೊಂಡಿತು. ಸಂತೋಷದ ಅಳು ಉಕ್ಕಿ ಬಂದು ಮಾತೇ ಹೊರಡಲಿಲ್ಲ ಎಂದು ಬರೆದುಕೊಂಡಿದ್ದಾನೆ.

ಸಾಕ್ಷ್ಯ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಧ್ಯಾನಕೂಟಗಳಲ್ಲಿ ನಾನು ಕೇಳಿದ ಕಥೆಗಳೆಲ್ಲ ಇಂಥ ಒಂದು ಬೆಳಗಿನಲ್ಲಿ ಮುಗಿದಿವೆ. ಅವು ಸುಳ್ಳಲ್ಲ. ಆದರೆ ನ್ಯಾಯಾಲಯದಲ್ಲಿ ಸಾಕ್ಷಿಯ ಅರ್ಧ ಹೇಳಿಕೆಯನ್ನಷ್ಟೇ ಓದಿ ತೀರ್ಪು ಕೊಡುವಂತಿಲ್ಲ. ಕೂಪರನ ಉಳಿದರ್ಧವನ್ನೂ ಹೇಳಬೇಕು.

ಚೇತರಿಸಿಕೊಂಡ ಕೂಪರ್ ವಕೀಲಿ ವೃತ್ತಿಗೆ ಮರಳಲಿಲ್ಲ. ಅನ್ವಿನ್ ಎಂಬ ಪಾದ್ರಿಯ ಕುಟುಂಬದೊಡನೆ ನೆಲೆಸಿದ. ಮನೆಯೊಡೆಯ ತೀರಿಕೊಂಡ ಮೇಲೆ ಆತನ ಪತ್ನಿ ಮೇರಿ ಅನ್ವಿನ್ನಳ ಸಂಸಾರದ ಜೊತೆಗೆ 1767ರಲ್ಲಿ ಆಲ್ನಿ ಎಂಬ ಸಣ್ಣ ಊರಿಗೆ ಬಂದ. ಕಸೂತಿ ಲೇಸು ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು. ಅಲ್ಲಿನ ಪಾದ್ರಿ ಜಾನ್ ನ್ಯೂಟನ್, ಹಿಂದೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದವನು. ಲೋಕವೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಅವನದೇ. ಊರಿನ ಪ್ರಾರ್ಥನಾ ಕೂಟಗಳಿಗಾಗಿ ಇಬ್ಬರೂ ಸೇರಿ ಕಟ್ಟಿದ ಗೀತೆಗಳು 1779ರಲ್ಲಿ ಪುಸ್ತಕವಾದವು. ಒಟ್ಟು 348 ಗೀತೆಗಳು, ಅವುಗಳಲ್ಲಿ ಅರವತ್ತಕ್ಕೂ ಹೆಚ್ಚು ಕೂಪರನವು.

ಆದರೆ ಪುಸ್ತಕ ಅಚ್ಚಾಗುವುದಕ್ಕೆ ಆರು ವರ್ಷ ಮೊದಲೇ, 1773ರ ಆರಂಭದಲ್ಲಿ, ಕತ್ತಲೆ ಮರಳಿ ಬಂದಿತ್ತು. ನಿನ್ನ ಕಥೆ ಮುಗಿಯಿತು, ನೀನು ನಾಶವಾದೆ ಎಂಬರ್ಥದ ಲ್ಯಾಟಿನ್ ಮಾತೊಂದನ್ನು ಅವನು ಕನಸಿನಲ್ಲಿ ಕೇಳಿದ. ಅದು ದೇವರ ತೀರ್ಪೇ ಎಂದು ನಂಬಿದ. ಅಂದಿನಿಂದ ಸಾಯುವವರೆಗೆ, ಇಪ್ಪತ್ತೇಳು ವರ್ಷ, ಅವನು ದೇವಾಲಯದೊಳಗೆ ಆರಾಧನೆಗೆ ಕುಳಿತುಕೊಳ್ಳಲಿಲ್ಲ. ಅವನು ನಾಸ್ತಿಕನಾದನೆಂದಲ್ಲ. ದೇವರಿದ್ದಾನೆ, ಕರುಣಾಮಯಿಯೂ ಹೌದು, ಆದರೆ ಆ ಕರುಣೆ ತನ್ನೊಬ್ಬನಿಗೆ ಇಲ್ಲ ಎಂಬುದು ಅವನ ದುಃಖ. ಅವನು ಬರೆದ ಗೀತೆಗಳನ್ನು ಇನ್ನೊಬ್ಬರು ಹಾಡಿ ಸಮಾಧಾನ ಪಡೆಯುತ್ತಿದ್ದರು. ಅವನು ಹೊರಗೆ ನಿಂತಿದ್ದ.

ಆ ತಾಯಿಯ ಪ್ರಶ್ನೆಯನ್ನು ಇಲ್ಲಿಗೆ ತಂದು ನೋಡಿ. ಕೂಪರ್ ಪ್ರಾರ್ಥನೆಯಲ್ಲಿ ಎಲ್ಲಿ ತಪ್ಪಿದ? ನಾನು ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಮನಸ್ಸು ಕಾಯಿಲೆ ಬಿದ್ದಾಗ ಪ್ರಾರ್ಥಿಸುವ ಶಕ್ತಿಯೇ ಮೊದಲು ಬಳಲುತ್ತದೆ, ಜ್ವರ ಬಂದವನಿಗೆ ಅನ್ನ ಕಹಿಯಾಗುವಂತೆ. ಅನ್ನದಲ್ಲಿ ದೋಷವಿಲ್ಲ, ಉಣ್ಣುವವನ ಹಸಿವು ಸುಳ್ಳೂ ಅಲ್ಲ. ನಾಲಿಗೆಗೆ ಜ್ವರ.

ಇದನ್ನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ಮೂವತ್ತೈದರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಮೇಲೆ ಎಂಟು ತಿಂಗಳು ನನ್ನ ಕೈಯಲ್ಲಿ ಜಪಸರ ಬರೀ ಮಣಿಗಳ ಸರವಾಗಿತ್ತು. ಬೆರಳು ಸರಿಯುತ್ತಿತ್ತು, ಮನಸ್ಸು ಕದಲುತ್ತಿರಲಿಲ್ಲ. ಹಿತೈಷಿಗಳೊಬ್ಬರು “ವಿಶ್ವಾಸ ಕಡಿಮೆಯಾಗಿದೆ, ಇನ್ನೂ ಹೆಚ್ಚು ಜಪಿಸು” ಎಂದರು. ಮೊದಲೇ ಹೊರಲಾರದವನ ತಲೆಯ ಮೇಲೆ ಇನ್ನೊಂದು ಹೊರೆ. ಆ ದಿನಗಳಲ್ಲಿ ನನಗೆ ನಿಜಕ್ಕೂ ನೆರವಾದವರು ಹಳೆಯ ಕಾಲದ ಒಬ್ಬ ಧರ್ಮಗುರು. ಪೂರ್ತಿ ಕೇಳಿಸಿಕೊಂಡು ಎರಡೇ ಕೆಲಸ ಹೇಳಿದರು: ಮಂಗಳೂರಿಗೆ ಹೋಗಿ ವೈದ್ಯರನ್ನು ಕಾಣುವುದು, ಬೈಬಲಿನಲ್ಲಿ 88ನೆಯ ಕೀರ್ತನೆ ಓದುವುದು. ವೈದ್ಯರು ಕೊಟ್ಟ ಮಾತ್ರೆಯನ್ನು ಹತ್ತು ತಿಂಗಳು ತೆಗೆದುಕೊಂಡೆ. ಕೀರ್ತನೆಯನ್ನು ಅಂದೇ ರಾತ್ರಿ ಓದಿ ಬೆರಗಾದೆ.

ಕೀರ್ತನೆಗಳ ಗ್ರಂಥದಲ್ಲಿ ದುಃಖದ ಹಾಡುಗಳು ಬೇಕಾದಷ್ಟಿವೆ. ಹೆಚ್ಚಿನವು ಅಳುತ್ತಾ ಆರಂಭವಾಗಿ, ಕೊನೆಯಲ್ಲಿ ನಂಬಿಕೆಯ ಕಡೆಗೆ ಹೊರಳುತ್ತವೆ. 13ನೆಯ ಕೀರ್ತನೆ ಇನ್ನೆಷ್ಟು ಕಾಲ ಎಂಬ ದೂರಿನಿಂದ ಹೊರಟು ಕೃತಜ್ಞತೆಯಲ್ಲಿ ಮುಗಿಯುತ್ತದೆ. ಆದರೆ 88ನೆಯದು ಹೊರಳುವುದೇ ಇಲ್ಲ. ಹಗಲಿರುಳು ಕೂಗಿದವನಿಗೆ ಉತ್ತರವಿಲ್ಲ, ಗೆಳೆಯರಿಲ್ಲ. ಕತ್ತಲೆಯಲ್ಲೇ ಹಾಡು ನಿಂತುಹೋಗುತ್ತದೆ. ಹಿಂದಿನವರು ಇದನ್ನು ಕಿತ್ತುಹಾಕಲಿಲ್ಲ, ಕೊನೆಗೊಂದು ಸಮಾಧಾನದ ಸಾಲು ಹೊಲಿಯಲಿಲ್ಲ. ಪವಿತ್ರ ಗ್ರಂಥದೊಳಗೇ, ಪ್ರಾರ್ಥನೆ ಎಂಬ ಹೆಸರಿನಲ್ಲೇ, ಹಾಗೆಯೇ ಉಳಿಸಿಕೊಂಡರು. ಸಮಾಧಾನ ಸಿಗದವನ ಕೂಗು ಕೂಡ ಪ್ರಾರ್ಥನೆಯೇ ಎಂದು ಅಂದು ನನಗೆ ತಿಳಿಯಿತು. ವಿಚಿತ್ರವೆಂದರೆ, ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಸ್ವಲ್ಪ ಸಮಾಧಾನ ಸಿಕ್ಕಿದ್ದೂ ಅಂದೇ.

ಪ್ರವಾದಿ ಎಲೀಯನ ಪ್ರಸಂಗವೂ ಹಾಗೆಯೇ. ಅರಸುಗಳ ಮೊದಲ ಗ್ರಂಥದ 19ನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಜಯ ಪಡೆದ ಎಲೀಯ ರಾಣಿಯ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡುತ್ತಾನೆ. ಒಂದು ಪೊದೆಯ ನೆರಳಲ್ಲಿ ಕುಳಿತು, ತನಗೆ ಸಾವು ಬರಲಿ ಎಂದು ಬೇಡಿಕೊಂಡು ನಿದ್ದೆ ಹೋಗುತ್ತಾನೆ. ದೇವದೂತ ಬಂದು ಎಬ್ಬಿಸಿದಾಗ ನಮ್ಮ ಮನೆಗಳಲ್ಲಾದರೆ ಏನು ಹೇಳುತ್ತಿದ್ದೆವು? ‘ಇಷ್ಟೆಲ್ಲ ಓದಿಸಿದ್ದೇವೆ, ನಿನಗೇನು ಕಡಿಮೆಯಾಗಿದೆ?’ ಎಂದು ತಾನೆ? ದೇವದೂತ ಬೈಯುವುದಿಲ್ಲ, ಬೋಧಿಸುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಬಾರಿಯೂ ಊಟ. ಹಾದಿ ದೂರವಿದೆ, ತಿಂದುಕೋ ಎಂಬಷ್ಟೇ ಮಾತು. ದೇವರು ಅವನೊಡನೆ ಮಾತಾಡುವುದು ಇದೆಲ್ಲ ಆಗಿ ನಲವತ್ತು ದಿನ ನಡೆದ ಮೇಲೆ. ಅದೂ ಬಿರುಗಾಳಿಯಲ್ಲಲ್ಲ, ಮೆಲುದನಿಯಲ್ಲಿ. ಮೊದಲು ನಿದ್ದೆ, ಅನ್ನ, ನೀರು, ಮಾತು ಆಮೇಲೆ.

ನಮ್ಮ ಬೇಳದ ಇಗರ್ಜಿ ಶೋಕಮಾತೆಯ ಹೆಸರಿನದು. ಪ್ರತಿವರ್ಷ ಸೆಪ್ಟೆಂಬರ್ 15ರಂದು ಧರ್ಮಸಭೆ ಆ ಮಾತೆಯನ್ನು ಸ್ಮರಿಸುತ್ತದೆ. ಎದೆಗೆ ಏಳು ಕತ್ತಿಗಳು ನೆಟ್ಟಂತೆ ಆಕೆಯನ್ನು ಚಿತ್ರಿಸುವ ವಾಡಿಕೆ ಲೋಕದೆಲ್ಲೆಡೆ ಇದೆ. ಮಗನ ಶಿಲುಬೆಯ ಬುಡದಲ್ಲಿ ಆಕೆ ನಿಂತಿದ್ದಳೆಂದು ಯೊವಾನ್ನನು ಬರೆಯುತ್ತಾನೆ. ಆಗ ಆಕೆ ಏನು ಪ್ರಾರ್ಥಿಸಿದಳು? ನಾಲ್ಕೂ ಶುಭಸಂದೇಶಗಳಲ್ಲಿ ಆ ಘಳಿಗೆಯ ಆಕೆಯ ಒಂದು ಮಾತೂ ದಾಖಲಾಗಿಲ್ಲ. ನಿಂತಿದ್ದಳು, ಅಷ್ಟೇ. ಮಕ್ಕಳ ನೋವಿನ ಮುಂದೆ ಮಾತು ಸೋತ ತಾಯಂದಿರು ಆಕೆಯ ಬಳಿಗೆ ಹೋಗುವುದು ಸುಮ್ಮನೆ ಅಲ್ಲ.

ಇನ್ನೊಂದು ವಿಷಯವನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ತಮ್ಮ ಜೀವ ತಾವೇ ಕಳೆದುಕೊಂಡವರಿಗೆ ಇಗರ್ಜಿಯ ವಿಧಿಗಳಿಲ್ಲ ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಓಡಾಡುತ್ತದೆ. ಅಂಥ ನಿಷೇಧ ಕಥೋಲಿಕ ಧರ್ಮಸಭೆಯ 1917ರ ಶಾಸನದಲ್ಲಿತ್ತು. 1983ರ ಶಾಸನ ಅದನ್ನು ಕೈಬಿಟ್ಟಿದೆ. 1992ರ ಧರ್ಮೋಪದೇಶ ಗ್ರಂಥ, ತೀವ್ರ ಮಾನಸಿಕ ವೇದನೆ ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆ, ಧರ್ಮಸಭೆ ಅಂಥವರಿಗಾಗಿ ಪ್ರಾರ್ಥಿಸುತ್ತದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾಡಿನ ಕಾನೂನು 2017ರಲ್ಲಿ ಮುಟ್ಟಿದ ತಿಳಿವಿಗೆ ಇಗರ್ಜಿಯ ಕಾನೂನು ಮೊದಲೇ ಮುಟ್ಟಿತ್ತು. ನೆರೆಹೊರೆಯ ನಾಲಿಗೆ ಮಾತ್ರ ಇನ್ನೂ 1917ರಲ್ಲೇ ಇದೆ.

ಮತ್ತೆ ಕೂಪರನ ಕಡೆಗೆ. ಕನಸಿನ ಆಘಾತದ ಬಳಿಕ ಅವನು ನ್ಯೂಟನ್ನನ ಮನೆಗೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದ. ನ್ಯೂಟನ್ನನ ಕಟ್ಟುನಿಟ್ಟಿನ ಧರ್ಮಬೋಧೆಯೇ ಕೂಪರನನ್ನು ಕೆಡಿಸಿತು ಎನ್ನುವ ವಿಮರ್ಶಕರಿದ್ದಾರೆ. ನನಗೆ ಅದು ಅನ್ಯಾಯವೆನಿಸುತ್ತದೆ. ದೇವರು ನನ್ನನ್ನು ಬಿಟ್ಟ ಎಂದು ದಿನವೂ ಹೇಳುವವನನ್ನು ಒಬ್ಬ ಪಾದ್ರಿ ತನ್ನ ಮನೆಯಲ್ಲೇ ಅಷ್ಟು ಕಾಲ ಇಟ್ಟುಕೊಂಡ. ಅವನ ಕತ್ತಲೆಗೆ ಬೇಸತ್ತು ಹೊರಗೆ ಕಳುಹಿಸಲಿಲ್ಲ. ಮೇರಿ ಅನ್ವಿನ್ ಅವನ ಆರೈಕೆಯನ್ನು ಕೈಬಿಡಲಿಲ್ಲ. ಅವನು ಪ್ರಾರ್ಥಿಸಲಾರದೆ ಹೋದಾಗ ಸುತ್ತಲಿನವರು ಅವನಿಗಾಗಿ ಪ್ರಾರ್ಥಿಸಿದರು.

ಅವನನ್ನು ನಿಧಾನವಾಗಿ ಬದುಕಿಗೆ ಎಳೆದು ತಂದವುಗಳ ಪೈಕಿ ಮೂರು ಮೊಲಗಳಿದ್ದವು. 1774ರಲ್ಲಿ ನೆರೆಯವರು ಒಂದು ಮರಿಯನ್ನು ತಂದುಕೊಟ್ಟರು. ಅವನು ಅದನ್ನು ಸಾಕುವ ಸುದ್ದಿ ಹರಡಿ ಇನ್ನಷ್ಟು ಮರಿಗಳು ಬಂದವು. ಮೂರನ್ನು ಉಳಿಸಿಕೊಂಡ: ಪಸ್, ಟೈನಿ, ಬೆಸ್. ಹೆಸರು ಹೆಣ್ಣಿನಂತಿದ್ದರೂ ಮೂರೂ ಗಂಡು. ಅವುಗಳಿಗೆ ತಾನೇ ಗೂಡು ಕಟ್ಟಿದ. ಪಸ್ ಕಾಯಿಲೆ ಬಿದ್ದಾಗ ಪಕ್ಕದಲ್ಲಿದ್ದು ಉಪಚರಿಸಿದ. ಅದು ಕೃತಜ್ಞತೆಯಿಂದ ಅವನ ಕೈ ನೆಕ್ಕಿತಂತೆ. ಬಡಗಿ ಕೆಲಸ ಕಲಿತ, ಗಾಜಿನ ಮನೆಯಲ್ಲಿ ಗಿಡ ಬೆಳೆಸಿದ, ಪತ್ರಗಳನ್ನು ಬರೆದ. ಗೆಳತಿಯೊಬ್ಬಳು ಹೇಳಿದ ಕಥೆ ಕೇಳಿ ರಾತ್ರಿಯೆಲ್ಲ ನಕ್ಕು 1782ರಲ್ಲಿ ಜಾನ್ ಗಿಲ್ಪಿನ್ ಬರೆದ. ಆಮೇಲೆ ದೀರ್ಘಕಾವ್ಯ ಬಂತು, ಗುಲಾಮಗಿರಿಯ ವಿರುದ್ಧ ಕವನಗಳು ಬಂದವು. ಕತ್ತಲೆ ಪೂರ್ತಿ ಹೋಗಲಿಲ್ಲ. 1796ರಲ್ಲಿ ಮೇರಿ ಅನ್ವಿನ್ ತೀರಿಕೊಂಡಳು. ಅವನ ಕೊನೆಯ ವರ್ಷಗಳು ಕಠಿಣವಾಗಿದ್ದವು. ಆದರೂ ಅಂದು ಪರೀಕ್ಷೆಗೆ ಹೆದರಿ ಮೂವತ್ತೊಂದರ ಪ್ರಾಯದಲ್ಲೇ ಮುಗಿದುಹೋಗಬೇಕಾಗಿದ್ದ ಬದುಕು ಅರವತ್ತೆಂಟು ವರ್ಷ ನಡೆಯಿತು. 1800ರ ಏಪ್ರಿಲ್ 25ರಂದು, ತನ್ನ ಹಾಸಿಗೆಯಲ್ಲಿ, ಕಾಯಿಲೆಯಿಂದ ತೀರಿಕೊಂಡ.

ನಮ್ಮ ಶಾಲೆಗಳ ಮಕ್ಕಳಿಗೆ ಇನ್ನೊಂದು ತೊಡಕಿದೆ. ದುಃಖಕ್ಕೂ ಒಂದು ಭಾಷೆ ಬೇಕು. ಕೊಂಕಣಿಯಲ್ಲೋ ತುಳುವಿನಲ್ಲೋ ಅಳುವ, ಕನ್ನಡದಲ್ಲಿ ಯೋಚಿಸುವ ಹುಡುಗನನ್ನು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ‘ಏನಾಯಿತು?’ ಎಂದು ಕೇಳಿದರೆ, ‘ಏನಿಲ್ಲ’ ಎಂಬ ಉತ್ತರವೇ ಸುಲಭ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ಸಂಖ್ಯೆ 14416, ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮನಸ್ಸಿನ ಕಾಯಿಲೆಗೆ ಸರಕಾರಿ ನೆರವಿನ ಚಿಕಿತ್ಸೆ ಪಡೆಯುವುದು ಅದೇ 2017ರ ಕಾಯ್ದೆಯ 18ನೆಯ ಕಲಮಿನಂತೆ ಪ್ರತಿಯೊಬ್ಬನ ಹಕ್ಕು. ಯಾರ ಕೃಪೆಯೂ ಅಲ್ಲ. ಮಗುವಿನ ಮಾತಿನಲ್ಲಿ ಸಾವಿನ ಸುಳಿವು ಕಂಡರೆ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಬಂದೀತೆಂಬ ಭಯ ಬೇಡ. ಕೇಳಿದ ಮೇಲೆ ಒಂಟಿಯಾಗಿ ಬಿಡಬೇಡಿ.

ಕ್ರಿಸ್ಮಸ್ಸಿನ ಮರುವಾರ ನಾನು ಆ ಮನೆಗೆ ಹೋಗಿದ್ದೆ. ಹೇಳಬೇಕಾಗಿದ್ದುದನ್ನು ಹೇಳಲು ಅಷ್ಟು ತಡವಾಯಿತು. ಕೂಪರನ ಕಥೆಯನ್ನು ತಾಯಿ ಗಮನವಿಟ್ಟು ಕೇಳಿದರು. ಮೊಲದ ಪ್ರಸಂಗಕ್ಕೆ ಹುಡುಗನೂ ಜಗಲಿಯಿಂದ ಒಳಬಂದು ಬಾಗಿಲಿಗೆ ಒರಗಿ ನಿಂತ. ಅವನು ಈಗ ವೈದ್ಯರ ಚಿಕಿತ್ಸೆಯಲ್ಲಿದ್ದಾನೆ. ಓದನ್ನು ಒಂದು ವರ್ಷ ಮುಂದೂಡಿದ್ದಾನೆ. ಏಳು ಗಂಟೆಯಾದಾಗ ತಾಯಿ ದೀಪ ಹಚ್ಚಿ ಮೊಣಕಾಲೂರಿದರು. ಮೊದಲಾದರೆ ಮಗನನ್ನು ಕೂಗಿ ಕರೆಯುತ್ತಿದ್ದರಂತೆ. ಈಗ ಕರೆಯುವುದಿಲ್ಲ, ಬಾಗಿಲನ್ನು ತೆರೆದಿಡುತ್ತಾರೆ. ಅವನು ಕೆಲವು ದಿನ ಬಂದು ಕೂರುತ್ತಾನೆ, ಕೆಲವು ದಿನ ಜಗಲಿಯಲ್ಲೇ ಇರುತ್ತಾನೆ. ಅಂದು ಜಗಲಿಯಲ್ಲೇ ಇದ್ದ. ದೇವರ ಪೀಠದ ಮೇಲೆ ಶೋಕಮಾತೆಯ ಪಟ, ಮೊಂಬತ್ತಿ, ಅದರ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ನಾನು ಅದನ್ನು ನೋಡುತ್ತಿರುವುದನ್ನು ಕಂಡು ತಾಯಿ ಹೇಳಿದರು: “ಅವನ ರಾತ್ರಿಯ ಮಾತ್ರೆ. ಜಪ ಮುಗಿದ ಕೂಡಲೇ ಕೊಡಬೇಕಲ್ಲ, ಮರೆಯಬಾರದೆಂದು ಅಲ್ಲೇ ಇಟ್ಟಿದ್ದೇನೆ.”